ಸಬ್‌ವೂಫರ್ ಎಲ್ಲಿಡೋದು: ಮೂರನೇ ವಾರ

ಬೇಸ್ ಗಿಟಾರಿನ ಎ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಸ್ವರ ಸುಮಾರು 65 ಹರ್ಟ್ಜ್. ಹಾಡು ಹಾಕಿದರೆ ನನ್ನ ಸಬ್‌ವೂಫರ್‌ನಿಂದ (ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ಸಬ್) ಬರುವ ಅದೊಂದು ಸ್ವರ ನನ್ನ ಸೋಫಾದಲ್ಲಿ ಮಾತ್ರ ಕೇಳಿಸುತ್ತಿರಲಿಲ್ಲ. ಎದ್ದು ಹೋಗಿ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಎದೆಗೇ ಬಡಿಯುತ್ತಿತ್ತು. ಈ ವಾರ ಕಾರಣ ಸಿಕ್ಕಿತು.

ಟೇಪ್ ಹಿಡಿದು ಅಳೆದೆ. ಕೋಣೆಯ ಉದ್ದ 5.2 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಇದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 33 ಹರ್ಟ್ಜ್. ಎರಡು ಗೋಡೆಗಳ ನಡುವೆ ನಿಂತುಬಿಡುವ ಮೊದಲ ಅಲೆ ಅದು. ಎರಡನೆಯದು 66. ಈ ಎರಡನೇ ಅಲೆಯ ಒತ್ತಡ ಗೋಡೆಗಳ ಹತ್ತಿರ, ಮತ್ತೆ ನಟ್ಟನಡುವೆ ಜಾಸ್ತಿ. ಉದ್ದದ ಕಾಲು ಭಾಗದಲ್ಲಿ, ಮುಕ್ಕಾಲು ಭಾಗದಲ್ಲಿ ಹೆಚ್ಚುಕಡಿಮೆ ಸೊನ್ನೆ. ನನ್ನ ಕಿವಿ ಇದ್ದದ್ದು ಹಿಂದಿನ ಗೋಡೆಯಿಂದ ಸರಿಯಾಗಿ 1.3 ಮೀಟರ್ ದೂರದಲ್ಲಿ!

ಹೋದ ವಾರ ಈಕ್ವಲೈಜರ್‌ನಲ್ಲಿ (ಒಂದೊಂದು ಹರ್ಟ್ಜ್ ಮಟ್ಟದ ಸದ್ದನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ) 66 ಹರ್ಟ್ಜ್ ಅನ್ನು 6 ಡೆಸಿಬೆಲ್ ಏರಿಸಿದ್ದೆ. ಅಂದರೆ ಆಂಪ್ಲಿಫೈಯರ್‌ಗೆ ನಾಲ್ಕು ಪಟ್ಟು ಕೆಲಸ. ಸಬ್‌ನ ಕೋನ್ (ಅದುರಿ ಸದ್ದು ಮಾಡುವ ಭಾಗ) ಒದ್ದಾಡಿತು, ಸ್ವರ ಬರಲಿಲ್ಲ. ಉಬ್ಬು ಇದ್ದರೆ ಈಕ್ವಲೈಜರ್‌ನಿಂದ ತಗ್ಗಿಸಬಹುದು, ಆದರೆ ಇಂಥ ಗುಂಡಿಗೆ ಎಷ್ಟು ಸುರಿದರೂ ತುಂಬುವುದಿಲ್ಲ. ಸೋಫಾವನ್ನು 40 ಸೆಂಟಿಮೀಟರ್ ಮುಂದೆ ಎಳೆದೆ, ಅಷ್ಟೇ. ಸ್ವರ ವಾಪಸ್ ಬಂತು. ಎಷ್ಟು ಖುಷಿಯಾಯಿತು ಅಂದರೆ ಅದೇ ಹಾಡನ್ನು ನಾಲ್ಕು ಸಲ ಕೇಳಿದೆ.

ಆಮೇಲೆ ಸಬ್‌ನ ಜಾಗ. ಅದನ್ನೇ ಸೋಫಾ ಮೇಲೆ ಕೂರಿಸಿ, ಬೇಸ್ ಹಾಡು ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಟ್ಟು ಕೇಳುತ್ತಾ ಹೋದೆ. ಸಬ್ ಮತ್ತು ಕಿವಿ ಜಾಗ ಅದಲುಬದಲು ಮಾಡಿಕೊಂಡರೂ ಕೋಣೆಯ ಮಟ್ಟಿಗೆ ಲೆಕ್ಕ ಒಂದೇ. ಹಾಗಾಗಿ ಬೇಸ್ ಎಲ್ಲಿ ಸಮವಾಗಿ ಕೇಳುತ್ತದೋ ಸಬ್ ಇಡುವ ಜಾಗ ಅದೇ. ಮೂಲೆಯಲ್ಲಿ ಸದ್ದು ಜೋರು, ಆದರೆ ಎಲ್ಲಾ ಅಲೆಗಳೂ ಒಟ್ಟಿಗೆ ಎದ್ದು ಗುಂಯ್ ಅನ್ನುತ್ತದೆ. ಮುಂದಿನ ಗೋಡೆಯ ಮಧ್ಯ ಸದ್ದು ಸ್ವಲ್ಪ ಕಡಿಮೆ, ಆದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿತು. ಅಡ್ಡಗಲದ ಮೊದಲ ಅಲೆಗೆ ಅಲ್ಲಿ ಒತ್ತಡವೇ ಇಲ್ಲ ಅಲ್ವಾ, ಹಾಗಾಗಿ ಅದು ಏಳುವುದೇ ಇಲ್ಲ.

ನಿನ್ನೆ ಎರಡನೇ ಸಬ್ ತಂದು ಹಿಂದಿನ ಗೋಡೆಯ ಮಧ್ಯ ಇಟ್ಟೆ. ಎದುರುಬದುರು ಇಟ್ಟ ಎರಡೂ ಒಂದೇ ಫೇಸ್‌ನಲ್ಲಿ, ಅಂದರೆ ಕೋನ್‌ಗಳು ಒಟ್ಟಿಗೆ ಹೊರಗೆ ಒಟ್ಟಿಗೆ ಒಳಗೆ ಹೋಗುವ ಹಾಗೆ, ನುಡಿದರೆ 33ರ ಅಲೆಯನ್ನು ಒಂದನ್ನೊಂದು ಅಳಿಸಿಹಾಕುತ್ತವೆ. ಮೈಕ್ ಇಟ್ಟು ಅಳೆದೆ. ಗ್ರಾಫಿನಲ್ಲಿ 33ರ ಹತ್ತಿರ ಇದ್ದ ಗುಡ್ಡ ಈಗ ಸಣ್ಣ ದಿಬ್ಬ.

ಸಬ್‌ನ ಕೆಲಸ ಮುಗಿದು ಮುಖ್ಯ ಸ್ಪೀಕರ್‌ಗಳ ಕೆಲಸ ಶುರುವಾಗುವ 80 ಹರ್ಟ್ಜ್ ಹತ್ತಿರ ಎರಡರ ಫೇಸ್ ಹೊಂದಿಸುವುದು ಬಾಕಿ. ಅದು ಭಾನುವಾರಕ್ಕೆ.