ಖುಲಾಸೆಯಾದವನು ಪರಿಹಾರವನ್ನೇಕೆ ಕೊಡಬೇಕು?

ಶಿರಸಿ ಕಡೆಯ ಊಟದ ಪಂಕ್ತಿಯಲ್ಲಿ ವಕೀಲನೊಬ್ಬ ಕುಳಿತರೆ ಅಪ್ಪೆಹುಳಿಗಿಂತ ಮೊದಲು ಪ್ರಶ್ನೆ ಬರುತ್ತದೆ. ನನಗೆ ಪದೇ ಪದೇ ಬರುವುದು ಇದು: "ವಕೀಲರೇ, ಕ್ರಿಮಿನಲ್ ಕೋರ್ಟು ಬಿಟ್ಟು ಕಳಿಸಿದವನ ಮೇಲೆ ಪರಿಹಾರದ ದಾವೆ ಹಾಕುವುದು ಯಾವ ನ್ಯಾಯ? ಒಂದೇ ತಪ್ಪಿಗೆ ಎರಡು ಪೆಟ್ಟೇ?"

ದೇವಿಮನೆ ಘಟ್ಟದಲ್ಲಿ ಬೈಕ್ ಸವಾರನೊಬ್ಬ ಸತ್ತ ಪ್ರಕರಣದಲ್ಲಿ ನಾನು ಟೆಂಪೊ ಚಾಲಕನ ಪರ ಇದ್ದೆ. ಮುಖ್ಯ ಸಾಕ್ಷಿ ಪಾಟೀಸವಾಲಿನಲ್ಲಿ "ಶಬ್ದ ಕೇಳಿ ಓಡಿ ಬಂದೆ, ಗುದ್ದಿದ್ದನ್ನು ಕಂಡಿಲ್ಲ" ಎಂದುಬಿಟ್ಟ. ಸಂಶಯದ ಲಾಭ ಸಿಕ್ಕಿತು, ಖುಲಾಸೆ. ಅದೇ ಪಂಚನಾಮೆ, ಅದೇ ನಕ್ಷೆಯನ್ನು ನೋಡಿದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ತಿರುವಿನಲ್ಲಿ ಟೆಂಪೊ ಬಲಕ್ಕೆ ಸರಿದಿತ್ತು ಎಂದಿತು. ಅಂದು ಸಿಟ್ಟು ಬಂದಿತ್ತು. (ಹಣ ಕೊಟ್ಟದ್ದು ವಿಮಾ ಕಂಪನಿ, ಚಾಲಕನ ಜೇಬಿಗೆ ಯಾರೂ ಕೈ ಹಾಕಲಿಲ್ಲ.)

ಈಗ ಸಿಟ್ಟಿಲ್ಲ. ಜೈಲಿಗೆ ಕಳಿಸಲು ಸಂಶಯಕ್ಕೆ ಎಡೆಯಿಲ್ಲದಷ್ಟು ಪುರಾವೆ ಬೇಕು. ನಷ್ಟ ತುಂಬಿಸಲು ಯಾವ ಕಡೆ ಸಂಭವ ಹೆಚ್ಚೆಂದು ತೂಗಿದರೆ ಸಾಕು. ಖುಲಾಸೆಯ ತೀರ್ಪುಗಳಲ್ಲಿ 'ಇವನು ಮಾಡಿಲ್ಲ' ಎಂಬ ಮಾತು ಅಪರೂಪ, 'ಸಾಬೀತಾಗಿಲ್ಲ' ಎಂಬುದೇ ಹೆಚ್ಚು. ಸಂವಿಧಾನದ 20(2)ನೇ ವಿಧಿ ತಡೆಯುವುದು ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆಯನ್ನು, ಪರಿಹಾರ ಶಿಕ್ಷೆಯಲ್ಲ. ಜೋತುಬಿದ್ದ ವಿದ್ಯುತ್ ತಂತಿಗೆ ಬಸ್ ತಗುಲಿ ಪ್ರಯಾಣಿಕರು ಸತ್ತ ಪ್ರಕರಣದಲ್ಲಿ, ಚಾಲಕ ಖುಲಾಸೆಯಾಗಿದ್ದಾನೆ ಎಂಬ ಮಾಲೀಕರ ವಾದವನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರಲ್ಲೇ ತಳ್ಳಿಹಾಕಿದ್ದರು.

ನಿಜಕ್ಕೂ ನಿರಪರಾಧಿಯಾದವನು ಎರಡೆರಡು ಸಲ ವಕೀಲರ ಶುಲ್ಕ ಕಟ್ಟಬೇಕಾಗುತ್ತದೆ, ಒಪ್ಪುತ್ತೇನೆ. ಆ ಶುಲ್ಕ ಪಡೆಯುವವನೇ ನಾನು, ಹೆಚ್ಚು ಮಾತಾಡಲಾರೆ.

ಆದರೆ ಪಂಕ್ತಿಯಲ್ಲಿ ಯಾರೂ ಕೇಳದ ಸಂಗತಿಯೊಂದಿದೆ. ಹಲ್ಲೆಯಿಂದ ಸತ್ತವನ ಮನೆಯವರು 1855ರ ಮಾರಕ ಅಪಘಾತಗಳ ಕಾಯ್ದೆಯಡಿ ದಾವೆ ಹಾಕಬಹುದು. ದಾವೆ ಹೂಡುವ ಗಡುವನ್ನು ಹೇಳುವ 1963ರ ಲಿಮಿಟೇಶನ್ ಕಾಯ್ದೆಯಂತೆ ಅದಕ್ಕಿರುವ ಅವಧಿ ಸಾವಿನ ದಿನದಿಂದ ಎರಡು ವರ್ಷ. ಸುಳ್ಳು ಮೊಕದ್ದಮೆಯಿಂದ ನೊಂದವನು ಪರಿಹಾರದ ದಾವೆ ಹಾಕುವುದಕ್ಕೆ ಮಾತ್ರ ಖುಲಾಸೆಯಾದ ದಿನದಿಂದ ಒಂದು ವರ್ಷ ಎಣಿಸುತ್ತಾರೆ.

ಅಂಕೋಲಾ ಕಡೆಯ ಮೀನು ಮಾರುವ ಹೆಂಗಸೊಬ್ಬಳು ಗಂಡನ ಸಾವಿನ ಕಾಗದಗಳನ್ನೆಲ್ಲ ಚೀಲದಲ್ಲಿ ಹೊತ್ತು ನನ್ನಲ್ಲಿಗೆ ಬಂದಿದ್ದಳು. ಆರೋಪಿಗಳು ಹಿಂದಿನ ವಾರವಷ್ಟೇ ಖುಲಾಸೆಯಾಗಿದ್ದರು. ಗಂಡ ಸತ್ತು ಆರು ವರ್ಷವಾಗಿತ್ತು. "ಕೇಸು ಮುಗಿಯಲಿ ಎಂದು ಕಾದೆ" ಎಂದಳು.