ಒಂದು ಮೀಟರಿಗೆ 31 ಸೆಕೆಂಡು

ಭಾನುವಾರ, 9 ನವೆಂಬರ್ 2025

ನನ್ನ ಮಾದರಿ ರೈಲಿನ ಶಂಟಿಂಗ್ ಎಂಜಿನ್ (ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಸರಿಸುವ ಎಂಜಿನ್) ಇವತ್ತು ತೆವಳಿತು. ಓಡಿತು ಎಂದು ಬರೆಯುತ್ತಿಲ್ಲ, ಏಕೆಂದರೆ ಮಾದರಿ ರೈಲನ್ನು ಓಡಿಸುವುದು ಎಂದೂ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ನಿಧಾನವಾಗಿ ಓಡಿಸುವುದರಲ್ಲಿ. ನಿಜವಾದ ಯಾರ್ಡಿನಲ್ಲಿ ಎಂಜಿನ್ ಒಂದು ಗೂಡ್ಸ್ ವ್ಯಾಗನ್ನಿನ ಹತ್ತಿರ ಬರುವುದನ್ನು ನೋಡಿದವರಿಗೆ ಗೊತ್ತು: ಕೊನೆಯ ಕೆಲವು ಮೀಟರುಗಳಲ್ಲಿ ಅಷ್ಟು ದೊಡ್ಡ ಯಂತ್ರ ಮನುಷ್ಯನ ನಡಿಗೆಗಿಂತ ನಿಧಾನವಾಗುತ್ತದೆ. ಬಫರಿಗೆ ಬಫರು ತಾಗಿದ್ದು ಸದ್ದಿನಿಂದಷ್ಟೇ ತಿಳಿಯುತ್ತದೆ. ನನ್ನ ಹಳೆಯ ಲೇಔಟಿನಲ್ಲಿ, ಅಂದರೆ ಮಾದರಿ ಹಳಿಗಳ ಜೋಡಣೆಯಲ್ಲಿ, ಅದನ್ನು ಒಮ್ಮೆಯೂ ಕಾಣಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪೆಟ್ಟಿಗೆ ಬಿಚ್ಚಿ ಹಳಿ ಜೋಡಿಸತೊಡಗಿದಾಗ ನನಗೆ ಬೇಕಿದ್ದದ್ದು ಆ ನಿಧಾನ ಒಂದೇ.

ಎಷ್ಟು ನಿಧಾನ ಎಂಬುದಕ್ಕೆ ಲೆಕ್ಕವಿದೆ. ನನ್ನದು ಎಚ್‌ಒ ಅಳತೆ, ಅಂದರೆ 1:87, ಹಳಿಗಳ ನಡುವೆ 16.5 ಮಿಲಿಮೀಟರ್. ನಿಜದ ಎಂಜಿನ್ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋದರೆ ಮಾದರಿ ಸೆಕೆಂಡಿಗೆ ಸುಮಾರು 32 ಮಿಲಿಮೀಟರ್ ಸಾಗಬೇಕು. ಒಂದು ಮೀಟರ್ ಹಳಿಗೆ 31 ಸೆಕೆಂಡು. ಗಡಿಯಾರ ಹಿಡಿದು ಕೂತರೆ ಆ 31 ಸೆಕೆಂಡು ಎಷ್ಟು ದೀರ್ಘ ಎಂದು ಗೊತ್ತಾಗುತ್ತದೆ.

ಹಳೆಯ ಡಿಸಿ (ಏಕಮುಖ ವಿದ್ಯುತ್) ಪದ್ಧತಿಯಲ್ಲಿ ಇದೇಕೆ ಕೈಗೆಟುಕುತ್ತಿರಲಿಲ್ಲ? ಅಲ್ಲಿ ನಮ್ಮ ಹಿಡಿತವಿದ್ದದ್ದು ಹಳಿಯ ಮೇಲೆ, ಎಂಜಿನ್ ಮೇಲಲ್ಲ. ಗುಂಡಿ ತಿರುಗಿಸಿದರೆ ಹಳಿಯಲ್ಲಿ 0ಯಿಂದ 12 ವೋಲ್ಟ್‌ವರೆಗೆ ಏರುತ್ತದೆ. ಪ್ಲಸ್ ಮೈನಸ್ ಅದಲುಬದಲಾದರೆ ದಿಕ್ಕು ಬದಲು. ನಿಧಾನ ಬೇಕೆಂದರೆ ವೋಲ್ಟೇಜ್ ಇಳಿಸಬೇಕು, ಆದರೆ ಅದು ಇಳಿದಷ್ಟೂ ಚಕ್ರ ಮತ್ತು ಹಳಿಯ ಮೇಲಿನ ಕೊಳೆಯ ಪೊರೆಯನ್ನು ದಾಟುವ ಬಲ ಕರೆಂಟಿಗೆ ಉಳಿಯುವುದಿಲ್ಲ. ಮೇಲಿಂದ ಮೂರು ಪೋಲಿನ ಮೋಟರು, ಅಂದರೆ ತಿರುಗುವ ಭಾಗದಲ್ಲಿ ಮೂರೇ ಸುರುಳಿಗಳಿರುವುದು: ಆಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಪ್ರತಿ ಸುತ್ತಿನಲ್ಲೂ ತಡೆದು ತಡೆದು ತಿರುಗುತ್ತದೆ. ನಿಂತ ಮೋಟರನ್ನು ಅಲುಗಿಸಲು ಬೇಕಾದ ವೋಲ್ಟೇಜು ಅದು ತಿರುಗತೊಡಗಿದ ಮೇಲೆ ಬೇಕಾದುದಕ್ಕಿಂತ ಹೆಚ್ಚು. ಹಾಗಾಗಿ ಎಂಜಿನ್ ಒಂದು ಹಂತದವರೆಗೆ ಕದಲದೆ ನಿಂತು, ಆಮೇಲೆ ಚಂಗನೆ ನೆಗೆಯುತ್ತಿತ್ತು. ಇನ್ನು ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಹೊರಡುತ್ತವೆ. ಅದನ್ನು ತಪ್ಪಿಸಲು ಹಳಿಯನ್ನು ಬ್ಲಾಕುಗಳಾಗಿ ಕತ್ತರಿಸಿ, ಬ್ಲಾಕಿಗೊಂದು ಸ್ವಿಚ್ಚು ಹಾಕಿ, ರೈಲು ಮುಂದೆ ಹೋದಂತೆ ಸ್ವಿಚ್ಚುಗಳನ್ನು ಬದಲಿಸುತ್ತ ಹೋಗಬೇಕಿತ್ತು.

ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್, ಈ ಏರ್ಪಾಡನ್ನೇ ತಲೆಕೆಳಗು ಮಾಡುತ್ತದೆ. ಎಂಜಿನ್ ನಿಂತಿರಲಿ, ಓಡುತ್ತಿರಲಿ, ಹಳಿಯಲ್ಲಿ ಯಾವಾಗಲೂ ಪೂರ್ಣ ವೋಲ್ಟೇಜ್ ಇರುತ್ತದೆ, ಎಚ್‌ಒ ಅಳತೆಗೆ ಸುಮಾರು 15 ವೋಲ್ಟ್. ಆ ವೋಲ್ಟೇಜಿನ ಪ್ಲಸ್ ಮೈನಸ್ ಕ್ಷಣಕ್ಷಣಕ್ಕೂ ಅದಲುಬದಲಾಗುತ್ತಲೇ ಇರುತ್ತದೆ, ಮತ್ತು ಆ ಅದಲುಬದಲಿನ ಲಯದಲ್ಲೇ ಸಂದೇಶ ಅಡಗಿದೆ. ಅರ್ಧ ತರಂಗ 58 ಮೈಕ್ರೋಸೆಕೆಂಡು ಇದ್ದರೆ ಅದು 1, ಸುಮಾರು 100 ಅಥವಾ ಅದಕ್ಕಿಂತ ಉದ್ದವಿದ್ದರೆ 0. ಎಂಜಿನ್ನಿನೊಳಗಿನ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟು ಅದೇ ತರಂಗದಿಂದ ತನಗೆ ಬೇಕಾದ ವಿದ್ಯುತ್ತನ್ನೂ ಎತ್ತಿಕೊಳ್ಳುತ್ತದೆ, ತನ್ನ ವಿಳಾಸಕ್ಕೆ ಬಂದ ಆದೇಶವನ್ನೂ ಓದುತ್ತದೆ.

ಹಳಿಗೆ ಈ ತರಂಗ ಕಳಿಸುವ ಪೆಟ್ಟಿಗೆಗೆ ಕಮಾಂಡ್ ಸ್ಟೇಷನ್ ಎನ್ನುತ್ತಾರೆ. ಮಾರುಕಟ್ಟೆಯಿಂದ ಅದನ್ನು ತಂದು ತಂತಿ ಸಿಕ್ಕಿಸಿದ್ದರೆ ಒಂದೇ ಸಂಜೆಯಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಹಳಿಯಲ್ಲಿ ಏನು ಹರಿಯುತ್ತಿದೆ ಎಂದು ಕಣ್ಣಾರೆ ನೋಡದೆ ಮುಂದುವರಿಯಲು ಮನಸ್ಸಾಗಲಿಲ್ಲ. ಮೊದಲು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಟೈಮರ್ ಬಳಸಿ ಒಂದೇ ಒಂದು ಪ್ಯಾಕೆಟ್, ಅಂದರೆ ಒಂದು ಪೂರ್ತಿ ಸಂದೇಶ, ಕಳಿಸುವ ಪುಟ್ಟ ಪ್ರೋಗ್ರಾಂ ಬರೆದೆ. ಹಳಿಗೆ ಜೋಡಿಸದೆ, ತರಂಗವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿಗೆ ಹಿಡಿದೆ. ಮೊದಲು ಹದಿನಾಲ್ಕು 1ಗಳು, ಕೇಳಲು ಸಿದ್ಧರಾಗಿ ಎಂದು ಎಲ್ಲ ಡಿಕೋಡರುಗಳಿಗೂ ಕೊಡುವ ಸೂಚನೆ. ಆಮೇಲೆ ಒಂದು 0. ನಂತರ ವಿಳಾಸ, 00000011, ಅಂದರೆ 3. ಹೊಸ ಡಿಕೋಡರುಗಳು ಸಾಮಾನ್ಯವಾಗಿ ಇದೇ ವಿಳಾಸ ಹೊತ್ತು ಬರುತ್ತವೆ. ಮತ್ತೊಂದು 0. ಆಮೇಲೆ 01100110: ಮುಂದಕ್ಕೆ, 28 ಹಂತಗಳಲ್ಲಿ ಒಂಬತ್ತನೆಯ ವೇಗ. ಇನ್ನೊಂದು 0. ಕೊನೆಗೆ 01100101, ಇದು ಹಿಂದಿನ ಎರಡು ಬೈಟುಗಳನ್ನು ಎಕ್ಸಾರ್ ಮಾಡಿದಾಗ (ಬಿಟ್ಟಿಗೆ ಬಿಟ್ ಹೋಲಿಸಿ, ಬೇರೆಯಿದ್ದರೆ 1, ಒಂದೇ ಇದ್ದರೆ 0) ಬರುವ ತಾಳೆಯ ಬೈಟು. ಮುಗಿಯಿತು ಎನ್ನಲು ಒಂದು 1. ಒಟ್ಟು 42 ಬಿಟ್, 6.3 ಮಿಲಿಸೆಕೆಂಡು. ಪರದೆಯ ಮೇಲೆ ಅಗಲ ಹಲ್ಲು, ಕಿರಿದು ಹಲ್ಲುಗಳನ್ನು ಬೆರಳಿಟ್ಟು ಓದುತ್ತ ಹೋದಾಗ ಬರೆದದ್ದೆಲ್ಲ ಅಲ್ಲೇ ಇತ್ತು. ಈ ಹವ್ಯಾಸಕ್ಕೆ ಮರಳಿದ ಮೇಲೆ ನನಗೆ ಸಿಕ್ಕ ಅತಿ ದೊಡ್ಡ ಸಂತೋಷ ಅದು.

ತಾಳೆಯ ಬೈಟು ಇರುವುದಕ್ಕೆ ಬಲವಾದ ಕಾರಣವಿದೆ. ಚಕ್ರ ಒಂದು ಕ್ಷಣ ಹಳಿಯ ಸಂಪರ್ಕ ಕಳೆದುಕೊಂಡರೆ ಪ್ಯಾಕೆಟ್ ಹರಿದುಹೋಗುತ್ತದೆ. ಹರಿದ ಪ್ಯಾಕೆಟ್ ತಾಳೆಯಾಗದೆ ಬಿದ್ದುಹೋಗುತ್ತದೆ, ಎಂಜಿನ್ ಹಿಂದಿನ ಆದೇಶವನ್ನೇ ಪಾಲಿಸುತ್ತಿರುತ್ತದೆ. ಅದಕ್ಕೇ ಕಮಾಂಡ್ ಸ್ಟೇಷನ್ ಒಂದೇ ಮಾತನ್ನು ಬಿಡದೆ ಮತ್ತೆ ಮತ್ತೆ ಹೇಳುತ್ತಿರುತ್ತದೆ.

ಈ ವ್ಯವಸ್ಥೆಯ ಮೂಲ ಜರ್ಮನಿಯ ಲೆನ್ಜ್ ಕಂಪನಿಯ ಕೆಲಸ. ಅಮೆರಿಕದ ಎನ್‌ಎಂಆರ್‌ಎ ಎಂಬ ಮಾದರಿ ರೈಲು ಹವ್ಯಾಸಿಗಳ ಸಂಸ್ಥೆ 1990ರ ದಶಕದಲ್ಲಿ ಅದನ್ನು ಎಲ್ಲರಿಗೂ ಮುಕ್ತವಾದ ಮಾನದಂಡವಾಗಿ ಪ್ರಕಟಿಸಿತು. ಅದಕ್ಕೂ ಮೊದಲು, 1979ರಲ್ಲೇ, ಬ್ರಿಟನ್ನಿನ ಹಾರ್ನ್‌ಬಿ ಕಂಪನಿ ಝೀರೋ 1 ಎಂಬ ಡಿಜಿಟಲ್ ವ್ಯವಸ್ಥೆ ತಂದಿತ್ತು, ಆದರೆ ಅದು ಆ ಕಂಪನಿಯ ಅಂಗಳದೊಳಗೇ ಉಳಿಯಿತು. ಮಾನದಂಡ ಮುಕ್ತವಾಗಿದ್ದರಿಂದಲೇ ಇವತ್ತು ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಸ್ಟೇಷನ್ನಿನ ಮಾತು ಕೇಳುತ್ತದೆ. ನನ್ನಂಥವರು ಮನೆಯಲ್ಲೇ ಸ್ಟೇಷನ್ ಕಟ್ಟಲು ಸಾಧ್ಯವಾಗಿರುವುದೂ ಅದರಿಂದಲೇ.

ಒಂದು ಪ್ಯಾಕೆಟ್ ಓದಿ ಅರ್ಥವಾದ ಮೇಲೆ ಪೂರ್ತಿ ಸ್ಟೇಷನ್ನನ್ನು ನಾನೇ ಬರೆಯುವ ಹಟ ಮಾಡಲಿಲ್ಲ. ಆರ್ಡುಯಿನೊ ಮೆಗಾ ಬೋರ್ಡು, ಅದರ ಮೇಲೆ ಹಳಿಗೆ ಕರೆಂಟು ಕೊಡುವ ಮೋಟರ್ ಶೀಲ್ಡು, ಒಳಗೆ ಡಿಸಿಸಿ-ಇಎಕ್ಸ್ ತಂತ್ರಾಂಶ. ಗ್ರೆಗ್ ಬರ್ಮನ್ 2015ರಲ್ಲಿ ಹೊರತಂದ ಡಿಸಿಸಿ ಪ್ಲಸ್ ಪ್ಲಸ್‌ನಿಂದ ಬೆಳೆದದ್ದು ಇದು. ಶೀಲ್ಡಿನ ಎಲ್298 ಚಿಪ್ಪು ಒಂದೆರಡು ವೋಲ್ಟನ್ನು ತಾನೇ ನುಂಗುತ್ತದೆ, ಬಿಸಿಯೂ ಆಗುತ್ತದೆ. ಎರಡು ಮೂರು ಎಂಜಿನ್ನುಗಳಿಗೆ ಸಾಕು, ದೊಡ್ಡ ಲೇಔಟಿಗೆ ಸಾಲದು.

ಡಿಕೋಡರ್ ಕೂರಿಸುವುದು ಮಾತ್ರ ನಿಧಾನದ ಕೆಲಸ, ಅವಸರ ಸಲ್ಲದು. ಹಳೆಯ ಎಂಜಿನ್ನುಗಳಲ್ಲಿ ಮೋಟರಿನ ಒಂದು ಬ್ರಷ್ ಲೋಹದ ಚಾಸಿಗೇ ತಾಗಿಕೊಂಡಿರುತ್ತದೆ, ಚಾಸಿ ಒಂದು ಹಳಿಗೆ. ಡಿಕೋಡರ್ ಇರುವಲ್ಲಿ ಮೋಟರಿನ ಎರಡೂ ತುದಿಗಳು ಹಳಿಯಿಂದ ಪೂರ್ತಿ ಬೇರ್ಪಟ್ಟಿರಲೇಬೇಕು, ಇಲ್ಲವಾದರೆ ಕರೆಂಟು ಕೊಟ್ಟ ಗಳಿಗೆಯಲ್ಲೇ ಡಿಕೋಡರ್ ಸುಡುತ್ತದೆ. ಮಲ್ಟಿಮೀಟರ್ ಹಿಡಿದು ಬ್ರಷ್ಷಿಗೂ ಪ್ರತಿ ಚಕ್ರಕ್ಕೂ ಸಂಪರ್ಕವಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ 12 ವೋಲ್ಟಿನಲ್ಲಿ ಚಕ್ರವನ್ನು ಬೆರಳಿನಿಂದ ಅರೆಕ್ಷಣ ತಡೆದು ಮೋಟರು ಗರಿಷ್ಠ ಎಷ್ಟು ಎಳೆಯುತ್ತದೆ ಎಂದು ಅಳೆದೆ. ಅದು ಡಿಕೋಡರಿನ ಮಿತಿಯೊಳಗೆ ಇರಬೇಕು. ಹಳೆಯ ಕಾಲದ ತೆರೆದ ಮೋಟರುಗಳ ಆರ್ಮೇಚರನ್ನು (ತಿರುಗುವ ಭಾಗವನ್ನು) ಆಯಸ್ಕಾಂತದ ನಡುವಿನಿಂದ ಸುಮ್ಮನೆ ಹೊರತೆಗೆಯಬಾರದು, ಆಯಸ್ಕಾಂತದ ಬಲ ಕುಗ್ಗುತ್ತದೆ. ಒಣಗಿ ಅಂಟಾದ ಎಣ್ಣೆಯನ್ನು ಅದು ಇದ್ದಲ್ಲೇ ಒರೆಸಿದೆ. ಇನ್ನುಳಿದದ್ದು ತಂತಿಗಳು: ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟರಿಗೆ. ನಾಲ್ಕು ಬೆಸುಗೆ.

ಪ್ರೋಗ್ರಾಮಿಂಗ್ ಹಳಿಯ ಮೇಲೆ, ಅಂದರೆ ಡಿಕೋಡರಿನ ಹೊಂದಿಕೆಗಳನ್ನು ಓದಲು ಬರೆಯಲು ಮೀಸಲಾದ ಹಳಿಯ ಮೇಲೆ, ಎಂಜಿನ್ ಇಟ್ಟು ಡಿಕೋಡರನ್ನು ಓದಿಸುವುದು ಇಡೀ ಕೆಲಸದಲ್ಲೇ ಸೊಗಸಾದ ಭಾಗ. ಡಿಕೋಡರಿಗೆ ಮಾತಾಡಲು ಬೇರೆ ತಂತಿಯಿಲ್ಲ. ಸ್ಟೇಷನ್ ಒಂದೊಂದೇ ಪ್ರಶ್ನೆ ಕೇಳುತ್ತದೆ, ಈ ಬಿಟ್ 1 ಹೌದೇ? ಹೌದಾದರೆ ಡಿಕೋಡರ್ ಸುಮಾರು 6 ಮಿಲಿಸೆಕೆಂಡು ಕನಿಷ್ಠ 60 ಮಿಲಿಆಂಪಿಯರ್ ಹೆಚ್ಚು ಎಳೆಯುತ್ತದೆ, ಸಾಮಾನ್ಯವಾಗಿ ಮೋಟರಿನ ಮೂಲಕವೇ. ಹೌದೆಂದಾಗಲೆಲ್ಲ ಎಂಜಿನ್ ಕೂದಲೆಳೆಯಷ್ಟು ಮಿಸುಕುತ್ತದೆ. ಡಿಕೋಡರಿನ ಹೊಂದಿಕೆಗಳನ್ನು ಬರೆದಿಡುವ ಸಂಖ್ಯೆಯಿಟ್ಟ ಗೂಡುಗಳಿಗೆ ಸಿವಿ ಎಂದು ಹೆಸರು. ಸಿವಿ 8 ಓದಿಸಿದಾಗ ತಯಾರಕರ ಸಂಖ್ಯೆ ಪರದೆಗೆ ಬಂತು. ಅಂದರೆ ಚಕ್ರ, ತಂತಿ, ಬೆಸುಗೆ, ಮೋಟರು ಎಲ್ಲವೂ ಸರಿಯಿವೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ನಿಧಾನ ಬಂದದ್ದು ಎರಡು ಕಡೆಯಿಂದ. ಒಂದು, ಬ್ಯಾಕ್ ಇಎಂಎಫ್. ಡಿಕೋಡರ್ ಮೋಟರಿಗೆ ಕರೆಂಟನ್ನು ಅತಿ ವೇಗದ ತುಣುಕುಗಳಾಗಿ ಕೊಡುತ್ತದೆ, ನಡುನಡುವೆ ತೀರಾ ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಆ ಬಿಡುವಿನಲ್ಲಿ ತಿರುಗುತ್ತಿರುವ ಮೋಟರು ತಾನೇ ಡೈನಮೋ ಆಗಿ ವೋಲ್ಟೇಜ್ ಹುಟ್ಟಿಸುತ್ತದೆ. ಅದನ್ನು ಅಳೆದರೆ ವೇಗ ಎಷ್ಟೆಂದು ಗೊತ್ತಾಯಿತು. ಬೇಕಾದ್ದಕ್ಕಿಂತ ಕಡಿಮೆಯಿದ್ದರೆ ಮುಂದಿನ ತುಣುಕು ಉದ್ದ, ಹೆಚ್ಚಿದ್ದರೆ ಗಿಡ್ಡ. ಏರು ಬಂದಾಗ ಪೆಡಲಿಗೆ ತಾನಾಗಿಯೇ ಬಲ ಹಾಕುವ ಸೈಕಲ್ ಸವಾರನ ಕಾಲಿನ ಹಾಗೆ, ಮೋಟರು ಆಯಸ್ಕಾಂತದ ಸೆಳೆತಕ್ಕೆ ಸಿಕ್ಕಿಕೊಳ್ಳುವ ಪ್ರತಿ ಜಾಗದಲ್ಲೂ ಡಿಕೋಡರ್ ಒತ್ತು ಕೊಡುತ್ತದೆ. ಹಳಿಯಲ್ಲಿ ಪೂರ್ಣ ವೋಲ್ಟೇಜ್ ಇರುವುದರಿಂದ ಆ ಒತ್ತು ಕೊಡಲು ಬೇಕಾದ ಶಕ್ತಿ ಸದಾ ಕೈಯಲ್ಲಿದೆ.

ಇನ್ನೊಂದು, ಸಿವಿಗಳ ಹೊಂದಾಣಿಕೆ. ಸಿವಿ 2 ಹೊರಡುವ ವೋಲ್ಟೇಜು, ಸಿವಿ 5 ಗರಿಷ್ಠ, ಸಿವಿ 6 ನಡುವಿನದು. ಸಿವಿ 3 ವೇಗ ಏರುವ ನಿಧಾನ, ಸಿವಿ 4 ಇಳಿಯುವ ನಿಧಾನ. ಸಿವಿ 3ಕ್ಕೆ ಬರೆದ ಸಂಖ್ಯೆಯನ್ನು 0.896ರಿಂದ ಗುಣಿಸಿದರೆ ನಿಂತಲ್ಲಿಂದ ಪೂರ್ಣ ವೇಗಕ್ಕೆ ಹಿಡಿಯುವ ಸೆಕೆಂಡುಗಳು ಸಿಗುತ್ತವೆ. 20 ಬರೆದರೆ ಸುಮಾರು 18 ಸೆಕೆಂಡು. ಸಿವಿ 5ನ್ನು ತುಂಬ ಇಳಿಸಿದೆ. ಶಂಟಿಂಗ್ ಎಂಜಿನ್ ಎಂದೂ ಎಕ್ಸ್‌ಪ್ರೆಸ್ ಎಳೆಯುವುದಿಲ್ಲ, ಹಾಗಾಗಿ ಗುಂಡಿಯ ಪೂರ್ತಿ ಸುತ್ತನ್ನೂ ನಿಧಾನದ ವೇಗಗಳಿಗೇ ಹಂಚಬಹುದು. ಸಂಜೆ ಗಡಿಯಾರ ಹಿಡಿದು ನೋಡಿದರೆ ಮೀಟರಿಗೆ 34 ಸೆಕೆಂಡು. ಒಮ್ಮೆಯೂ ತಡವರಿಸಲಿಲ್ಲ. ಕೋಣೆಯಲ್ಲಿ ಗಿಯರಿನ ಸಣ್ಣ ಗುಯ್ ಎನ್ನುವ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

ಡಿಜಿಟಲ್ ಆಯಿತೆಂದರೆ ಹಳಿ ಒರೆಸುವ ಕೆಲಸ ತಪ್ಪಿತು ಎಂದು ಹಲವರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಸಂಪರ್ಕಕ್ಕೆ ಈಗ ಎರಡು ಪಟ್ಟು ಮಹತ್ವ, ಏಕೆಂದರೆ ಶಕ್ತಿ ಮತ್ತು ಮಾತು ಎರಡೂ ಅಲ್ಲಿಂದಲೇ ಬರಬೇಕು. ನಾಲ್ಕು ಚಕ್ರದ ಗಿಡ್ಡ ಎಂಜಿನ್ ಪಾಯಿಂಟಿನ (ಒಂದು ಹಳಿಯಿಂದ ಇನ್ನೊಂದು ಹಳಿ ಕವಲೊಡೆಯುವ ಜಾಗದ) ಪ್ಲಾಸ್ಟಿಕ್ ಫ್ರಾಗ್, ಅಂದರೆ ಹಳಿಗಳು ಅಡ್ಡಹಾಯುವ ಕರೆಂಟಿಲ್ಲದ ತುಂಡಿನ ಮೇಲೆ ತೆವಳಿದರೆ ಅಲ್ಲೇ ನಿಲ್ಲುತ್ತದೆ. ವೇಗವಾಗಿ ಹೋದರೆ ತನ್ನ ರಭಸದಲ್ಲೇ ದಾಟಿಬಿಡುತ್ತದೆ, ಆದರೆ ನನಗೆ ಬೇಕಿರುವುದು ರಭಸವಲ್ಲ. ಡಿಕೋಡರಿಗೆ ಸ್ವಲ್ಪ ಹೊತ್ತಿನ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೀಪ್ ಅಲೈವ್ ಕೆಪಾಸಿಟರ್ ಜೋಡಿಸಿ ಅಂತರವನ್ನು ದಾಟಿಸಬಹುದು. ನಾನು ಅದನ್ನು ಎರಡನೆಯ ಮದ್ದು ಎಂದು ಇಟ್ಟುಕೊಂಡಿದ್ದೇನೆ. ಮೊದಲನೆಯದು ಲೋಹದ ಫ್ರಾಗ್ ಹಾಕಿ, ಪಾಯಿಂಟ್ ತಿರುಗಿದಂತೆ ಅದರ ಸಂಪರ್ಕವನ್ನೂ ಬದಲಿಸುವುದು. ಪಾಯಿಂಟನ್ನು ತಿರುಗಿಸಲು ಸಣ್ಣ ಸರ್ವೊ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರು, ಬಳಸಿದ್ದೇನೆ, 20 ಮಿಲಿಸೆಕೆಂಡಿಗೊಮ್ಮೆ ಬರುವ 1ರಿಂದ 2 ಮಿಲಿಸೆಕೆಂಡಿನ ಸ್ಪಂದನಕ್ಕೆ ಅದು ಕೋನ ಬದಲಿಸುತ್ತದೆ. ಕೋನವನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬದಲಿಸಿದರೆ ಪಾಯಿಂಟಿನ ಹಳಿಯೂ ನಿಜದಂತೆ ಮೆಲ್ಲಗೆ ಸರಿಯುತ್ತದೆ. ಹಳೆಯ ಸಾಲೆನಾಯ್ಡ್ (ವಿದ್ಯುತ್ ಸುರುಳಿ) ಟಪ್ಪೆಂದು ಬಡಿಯುತ್ತಿದ್ದುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಸರ್ವೊ ಅರ್ಧ ದಾರಿ ದಾಟಿದಾಗ ಒತ್ತಿಕೊಳ್ಳುವ ಮೈಕ್ರೋಸ್ವಿಚ್ಚು ಫ್ರಾಗಿನ ಸಂಪರ್ಕ ಬದಲಿಸುತ್ತದೆ.

ತಂತಿಯ ವಿಷಯ ಒಂದು ಮಾತಿನಲ್ಲಿ: ಲೇಔಟಿನ ಅಡಿಯಲ್ಲಿ 2.5 ಚದರ ಮಿಲಿಮೀಟರಿನ ದಪ್ಪ ತಂತಿ, ಹಳಿಯ ಪ್ರತಿ ತುಂಡಿಗೂ ಅದರಿಂದ ಒಂದು ಕವಲು. ಹಳಿ ಜೋಡಿಸುವ ಫಿಶ್‌ಪ್ಲೇಟನ್ನು ವಿದ್ಯುತ್ತಿಗೆ ನಂಬಬಾರದು. ಎಲ್ಲ ಮುಗಿದ ಮೇಲೆ ಹಳಿಯ ದೂರದ ತುದಿಯಲ್ಲಿ ಒಂದು ನಾಣ್ಯ ಅಡ್ಡ ಇಟ್ಟು ನೋಡಬೇಕು, ಸ್ಟೇಷನ್ ತಕ್ಷಣ ಕರೆಂಟು ಕಡಿಯಬೇಕು. ಕಡಿಯದಿದ್ದರೆ ತಂತಿಯ ದಾರಿಯಲ್ಲಿ ಎಲ್ಲೋ ತಡೆ ಹೆಚ್ಚಿದೆ ಎಂದರ್ಥ, ಮತ್ತು ಅಲ್ಲಿ ಎಂಜಿನ್ ಹಳಿ ತಪ್ಪಿದ ದಿನ ಚಕ್ರ ಸುಡುತ್ತದೆ.

ಥ್ರಾಟಲ್, ಅಂದರೆ ವೇಗ ನಿಯಂತ್ರಿಸುವ ಕೈಪೆಟ್ಟಿಗೆಯ ಬಗ್ಗೆ ನನ್ನ ಅಭಿಪ್ರಾಯ ದೃಢವಾಗಿದೆ. ಫೋನಿನ ಪರದೆಯಿಂದ ಓಡಿಸುವ ಆ್ಯಪ್‌ಗಳು ಚೆನ್ನಾಗಿಯೇ ಇವೆ, ಸಿವಿಗಳನ್ನು ಬದಲಿಸಲು ಲ್ಯಾಪ್‌ಟಾಪಿನಲ್ಲಿ ಜೆಎಂಆರ್‌ಐ ತಂತ್ರಾಂಶದಷ್ಟು ಅನುಕೂಲ ಬೇರೆಯಿಲ್ಲ. ಆದರೆ ಓಡಿಸುವಾಗ ಕಣ್ಣು ಬಫರಿನ ಮೇಲಿರಬೇಕು, ಗಾಜಿನ ಮೇಲಲ್ಲ. ಹಾಗಾಗಿ ತಿರುಗಿಸಿದ ಹಲ್ಲುಗಳನ್ನು ಎಣಿಸುವ ಗುಂಡಿಯಾದ ಒಂದು ರೋಟರಿ ಎನ್‌ಕೋಡರ್, ಒಂದು ದಿಕ್ಕಿನ ಸ್ವಿಚ್ಚು, ಒಂದು ತುರ್ತು ಬಟನ್ ಸೇರಿಸಿ ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ ಮಾಡಿಕೊಂಡೆ. ಡಿಸಿಸಿ-ಇಎಕ್ಸ್‌ಗೆ ಆದೇಶಗಳು ಸರಳ ಪಠ್ಯವಾಗಿ ಹೋಗುತ್ತವೆ, ವಿಳಾಸ, ವೇಗ, ದಿಕ್ಕು ಅಷ್ಟೇ. ಪೆಟ್ಟಿಗೆಯ ಪ್ರೋಗ್ರಾಂ ಒಂದೇ ಪುಟದಲ್ಲಿ ಮುಗಿಯಿತು. ಎನ್‌ಕೋಡರಿನ ಒಂದೊಂದು ಹಲ್ಲಿಗೆ 128 ಹಂತಗಳ ಕ್ರಮದಲ್ಲಿ ಒಂದೊಂದೇ ಹಂತ ಸರಿಯುತ್ತದೆ, ಬೆರಳಿಗೆ ಎಣಿಕೆ ಸಿಗುತ್ತದೆ.

ಮುಂದಿನ ಕೆಲಸ ಗೊತ್ತುಮಾಡಿಕೊಂಡಿದ್ದೇನೆ. ಸೈಡಿಂಗಿನಲ್ಲಿ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿಯಲ್ಲಿ) ವ್ಯಾಗನ್ ನಿಂತಿದೆಯೋ ಇಲ್ಲವೋ ಎಂಬುದು ಬೋರ್ಡಿಗೆ ತಿಳಿಯಬೇಕು. ವ್ಯಾಗನ್ನಿಗೆ ಮೋಟರಿಲ್ಲ, ಅದು ಕರೆಂಟು ಎಳೆಯುವುದಿಲ್ಲ. ಆಕ್ಸಲ್ ಮೇಲೆ ಎರಡು ಚಕ್ರಗಳ ನಡುವೆ 10 ಕಿಲೋಓಮಿನ ಪುಟ್ಟ ರೆಸಿಸ್ಟರ್ ಅಂಟಿಸಿದರೆ 15 ವೋಲ್ಟಿಗೆ ಒಂದೂವರೆ ಮಿಲಿಆಂಪಿಯರ್ ಹರಿಯುತ್ತದೆ. ಸೈಡಿಂಗಿನ ತಂತಿಯನ್ನು ಸಣ್ಣ ಕರೆಂಟ್ ಟ್ರಾನ್ಸ್‌ಫಾರ್ಮರಿನೊಳಗೆ ಕೆಲವು ಸುತ್ತು ಹಾಯಿಸಿದರೆ ಅಷ್ಟು ಸಣ್ಣ ಹರಿವನ್ನೂ ಹಿಡಿಯಬಹುದೇ, ಅಥವಾ ಡಯೋಡ್ ಮತ್ತು (ಬೆಳಕಿನ ಮೂಲಕ ಸಂಕೇತ ದಾಟಿಸುವ) ಆಪ್ಟೊಕಪ್ಲರ್ ಹಾದಿಯೇ ಒಳ್ಳೆಯದೇ ಎಂದು ಎರಡನ್ನೂ ಕಟ್ಟಿ ಅಳೆಯಬೇಕು. ಡಯೋಡ್ ಹಾದಿಯಲ್ಲಿ ಹಳಿಯ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ, ಟ್ರಾನ್ಸ್‌ಫಾರ್ಮರಿನಲ್ಲಿ ಆ ತೊಂದರೆಯಿಲ್ಲ, ಹಾಗಾಗಿ ನನ್ನ ಒಲವು ಅದರ ಕಡೆಗೆ. ಮೊದಲು ಎರಡು ವ್ಯಾಗನ್ನುಗಳ ಆಕ್ಸಲ್‌ಗಳಿಗೆ ರೆಸಿಸ್ಟರ್ ಅಂಟಿಸಿ, ವಾಹಕ ಬಣ್ಣ ಹಚ್ಚಿ, ಒಣಗಲು ಬಿಡುತ್ತೇನೆ.