ಚಳಿ ನೀರಿನ ಬೋಟಿಗೆ ಬರುವವರಿಗೆ

ಮಳೆಗಾಲ ಶುರುವಾಗಿ ಮಲ್ಪೆಯ ಬೋಟುಗಳು ದಡ ಸೇರಿದಾಗ ನಮ್ಮ ಡೈವಿಂಗ್ ಕೆಲಸವೂ ನಿಲ್ಲುತ್ತದೆ. ಉಳಿದ ಕಾಲದಲ್ಲಿ ಕಾಪು, ನೇತ್ರಾಣಿಗಳಲ್ಲಿ ಕಲಿಸುವ ನಾನು ಆ ತಿಂಗಳುಗಳಲ್ಲಿ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಿಗೆ ಹೋಗುತ್ತೇನೆ. ಅಲ್ಲಿನ ಸ್ಕಾಪಾ ಫ್ಲೋ ಎಂಬ ಕೊಲ್ಲಿಯಲ್ಲಿ ಡೈವರ್‌ಗಳನ್ನು ಕರೆದೊಯ್ಯುವ ಬೋಟಿನಲ್ಲಿ ಗೈಡ್ ಕೆಲಸ. ವಾರವಿಡೀ ಊಟ, ನಿದ್ದೆ ಎಲ್ಲ ಬೋಟಿನಲ್ಲೇ. ದಿನಕ್ಕೆ ಸಾಮಾನ್ಯವಾಗಿ ಎರಡು ಡೈವ್. ಈಚೆಗೆ ಉಡುಪಿ, ಮಂಗಳೂರಿನ ಕೆಲವರು ‘ನಾವೂ ಬರಬಹುದೇ ಸರ್?’ ಎಂದು ಕೇಳುತ್ತಿದ್ದಾರೆ. ಖಂಡಿತ ಬನ್ನಿ ಎನ್ನುತ್ತೇನೆ, ಆದರೆ ಕೆಲವು ವಿಷಯಗಳನ್ನು ಇಲ್ಲಿಂದಲೇ ತಿಳಿದುಕೊಂಡು ಹೊರಡಬೇಕು.

ಅಲ್ಲಿ ನೋಡಲು ಇರುವುದು ಮುಳುಗಿದ ಹಡಗುಗಳು. ಮೊದಲ ಮಹಾಯುದ್ಧ ನಿಂತ ಮೇಲೆ ಜರ್ಮನಿಯ ನೌಕಾಪಡೆಯನ್ನು ಈ ಕೊಲ್ಲಿಯಲ್ಲಿ ತಡೆದಿಡಲಾಗಿತ್ತು. ಅದು ಬ್ರಿಟಿಷರ ಕೈಸೇರಬಾರದೆಂದು 1919ರ ಜೂನ್ 21ರಂದು ಅದರ ಮುಖ್ಯಸ್ಥ ಅಡ್ಮಿರಲ್ ಫಾನ್ ರಾಯ್ಟರ್ ಆದೇಶ ಕೊಟ್ಟು ಮುಳುಗಿಸಿದ. 74 ಹಡಗುಗಳಲ್ಲಿ 52 ಮುಳುಗಿದವು. ಹೆಚ್ಚಿನವನ್ನು ಆಮೇಲೆ ಗುಜರಿಗಾಗಿ ಎತ್ತಿದರು. ಉಳಿದ ಮೂರು ಯುದ್ಧನೌಕೆಗಳು ಮತ್ತು ನಾಲ್ಕು ಕ್ರೂಸರ್‌ಗಳೇ ಇಂದು ನಮಗೆ ಅನ್ನ ಕೊಡುತ್ತಿವೆ. ಅವುಗಳಲ್ಲಿ ಮಾರ್ಕ್‌ಗ್ರಾಫ್ ಎಂಬ ಯುದ್ಧನೌಕೆ ಸುಮಾರು 45 ಮೀಟರ್ ಆಳದಲ್ಲಿ ಕವುಚಿ ಬಿದ್ದಿದೆ. ಮೊದಲ ಬಾರಿಗೆ ಬಂದವರನ್ನು ನಾನು ಅಲ್ಲಿಗೆ ಕರೆದೊಯ್ಯುವುದಿಲ್ಲ. 25 ಮೀಟರಿನ ಆಸುಪಾಸಿನಲ್ಲಿರುವ ಕ್ರೂಸರ್ ಕಾರ್ಲ್ಸ್‌ರುಹೆಯೇ ಅವರಿಗೆ ಬೇಕಾದಷ್ಟಾಯಿತು.

ಕಾಪುವಿನ ಸಮುದ್ರ ಬೆಚ್ಚಗಿರುತ್ತದೆ. ತೆಳು ವೆಟ್ ಸೂಟ್ ಸಾಕು. ಸ್ಕಾಪಾದ ನೀರು ವಸಂತದಲ್ಲಿ 7 ಡಿಗ್ರಿಯ ಹತ್ತಿರ, ಆಗಸ್ಟ್ ಕೊನೆಗೂ 14 ದಾಟುವುದು ಕಷ್ಟ. ಆದ್ದರಿಂದ ಡ್ರೈ ಸೂಟ್ ಬೇಕೇ ಬೇಕು. ಕತ್ತು, ಮಣಿಕಟ್ಟುಗಳಲ್ಲಿ ರಬ್ಬರಿನ ಬಿಗಿ ಪಟ್ಟಿ ಇದ್ದು ನೀರು ಒಳಗೆ ಬಾರದ ಈ ಉಡುಪಿನೊಳಗೆ ಗಾಳಿ ಇರುತ್ತದೆ, ಮತ್ತು ಆ ಗಾಳಿಯೇ ಪಾಠ. ಇಳಿಯುವಾಗ ಅದು ಕುಗ್ಗಿ ಉಡುಪು ಮೈಯನ್ನು ಹಿಂಡುತ್ತದೆ. ಗುಂಡಿ ಒತ್ತಿ ಗಾಳಿ ತುಂಬಬೇಕು. ಏರುವಾಗ ಹಿಗ್ಗುತ್ತದೆ, ಭುಜದ ಕವಾಟದಿಂದ ಹೊರಬಿಡದಿದ್ದರೆ ತಡೆಯಿಲ್ಲದೆ ಮೇಲಕ್ಕೆ ಹಾರಿಬಿಡುತ್ತೀರಿ. ತಲೆ ಕೆಳಗಾದರೆ ಗಾಳಿಯೆಲ್ಲ ಪಾದಕ್ಕೆ ಸೇರುತ್ತದೆ, ಮತ್ತೆ ನೆಟ್ಟಗಾಗಲು ಅಭ್ಯಾಸವೇ ಬೇಕು. ಸೀಸದ ತೂಕವೂ ಹೆಚ್ಚು: ಇಲ್ಲಿ 4 ಕೆ.ಜಿ.ಯಲ್ಲಿ ಮುಳುಗುವವರಿಗೆ ಅಲ್ಲಿ 12 ಬೇಕಾಗಬಹುದು. ಇದನ್ನೆಲ್ಲ ಹಡಗಿನ ಅವಶೇಷದ ಮೇಲೆ ಕಲಿಯುವುದು ಬೇಡ. ಪ್ರವಾಸಕ್ಕೆ ಮೊದಲೇ ಎರಡು ದಿನ ಆಳವಿಲ್ಲದ ನೀರಿನಲ್ಲಿ ಶಿಕ್ಷಕರ ಜೊತೆ ಕಲಿಯಿರಿ. ಆ ಖರ್ಚಿನಲ್ಲಿ ಕೈ ಬಿಗಿ ಹಿಡಿಯಬೇಡಿ. ಒಳಗೆ ಹತ್ತಿಯ ಬಟ್ಟೆ ಹಾಕಬೇಡಿ, ಬೆವರನ್ನು ಹಿಡಿದಿಟ್ಟುಕೊಂಡು ಅದೇ ಚಳಿಯಾಗುತ್ತದೆ. ಉಣ್ಣೆ ಒಳ್ಳೆಯದು.

ಸಿಲಿಂಡರಿನ ಗಾಳಿಯನ್ನು ಉಸಿರಾಡುವಂತೆ ಬಾಯಿಗೆ ಕೊಡುವ ರೆಗ್ಯುಲೇಟರ್ ವಿಷಯದಲ್ಲೂ ಎಚ್ಚರ. ಸಿಲಿಂಡರಿನ ಒತ್ತಡದಿಂದ ಹೊರಬರುವ ಗಾಳಿ ಹಿಗ್ಗುತ್ತಾ ತಣ್ಣಗಾಗುತ್ತದೆ. ನೀರೇ 10 ಡಿಗ್ರಿಗಿಂತ ಕೆಳಗಿದ್ದರೆ ಕವಾಟದಲ್ಲಿ ಮಂಜುಗಡ್ಡೆ ಕಟ್ಟಿ, ಅದು ಮುಚ್ಚದೆ ಗಾಳಿ ಭೋರೆಂದು ಸುರಿಯತೊಡಗಬಹುದು. ತಣ್ಣೀರಿಗೆಂದೇ ಮಾಡಿದ ರೆಗ್ಯುಲೇಟರ್ ತನ್ನಿ ಅಥವಾ ಅಲ್ಲೇ ಬಾಡಿಗೆಗೆ ಪಡೆಯಿರಿ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದು. ನಮ್ಮ ಕರಾವಳಿಯವರಿಗೆ ಸಮುದ್ರದ ಮೇಲೆ ಸಲಿಗೆ ಇದೆ. ಅದು ದೊಡ್ಡ ಬಲ. ಆದರೆ ಅದೇ ಸಲಿಗೆಯಿಂದ ‘ನನಗೆ ಚಳಿಯಾಗುತ್ತಿದೆ’ ಎನ್ನಲು ನಾಚಿಕೆ ಪಡುತ್ತಾರೆ. ಮಂಗಳೂರಿನ ಹುಡುಗನೊಬ್ಬ ಡೈವಿನ ನಡುವೆ ಪದೇ ಪದೇ ಎಲ್ಲ ಸರಿಯಿದೆ ಎಂದು ಸನ್ನೆ ಮಾಡುತ್ತಲೇ ಇದ್ದ. ಅವನ ಬೆರಳುಗಳು ಟಾರ್ಚಿನ ಕೊಕ್ಕೆ ಬಿಚ್ಚಲು ತಡಕಾಡುತ್ತಿದ್ದವು. ನಾನು ಹೆಬ್ಬೆರಳು ಮೇಲೆತ್ತಿ ಏರಲು ಸೂಚಿಸಿದೆ. ಡೆಕ್ಕಿನ ಮೇಲೆ ಕುಳಿತು, ‘ಇನ್ನೂ ಹತ್ತು ನಿಮಿಷ ಇರಬಹುದಿತ್ತಲ್ಲ ಸರ್’ ಎಂದ. ‘ಬೂಟು ನೀನೇ ಬಿಚ್ಚಪ್ಪ’ ಎಂದೆ. ಬಿಚ್ಚಲು ಆಗಲಿಲ್ಲ. ಆಮೇಲೆ ಪೂರ್ತಿ ವಾರ ಚಳಿಯಾಗುತ್ತಿದೆ ಎಂದು ಅವನೇ ಎಲ್ಲರಿಗಿಂತ ಮೊದಲು ಸನ್ನೆ ಮಾಡುತ್ತಿದ್ದ, ಅವನ ಜೊತೆ ಇಳಿಯಲು ನನಗೆ ನೆಮ್ಮದಿ ಎನಿಸುತ್ತಿತ್ತು.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಎಳೆದುಕೊಳ್ಳುತ್ತದೆ. ಅತಿ ಹೆಚ್ಚು ಚಳಿ ಹಿಡಿಯುವುದು ಕೊನೆಯಲ್ಲಿ, ಮೇಲೇರುವ ಮುನ್ನ ಹಗ್ಗ ಹಿಡಿದು ಅಲುಗಾಡದೆ ನಿಲ್ಲುವಾಗ. ಆಳದಲ್ಲಿ ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಬೇಕಾದ ಆ ಹೊತ್ತಿನಲ್ಲೇ ಕೈಕಾಲಿನ ರಕ್ತಸಂಚಾರ ಕುಗ್ಗಿರುತ್ತದೆ. ಆದ್ದರಿಂದ ಚಳಿ ಬರೀ ಸಹನೆಯ ವಿಷಯವಲ್ಲ, ಆ ಸಾರಜನಕ ಮೈಯೊಳಗೆ ಗುಳ್ಳೆಗಳಾಗುವ ಡಿಕಂಪ್ರೆಷನ್ ಕಾಯಿಲೆಯ ಅಪಾಯವೂ ಅದರ ಜೊತೆ ಏರುತ್ತದೆ. ಹೆಬ್ಬೆರಳು ಕಿರುಬೆರಳನ್ನು ಮುಟ್ಟುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳಿ. ಮುಟ್ಟುತ್ತಿಲ್ಲವೆಂದರೆ ಡೈವ್ ಮುಗಿಯಿತು, ಯಾರನ್ನೂ ಕೇಳಬೇಕಾಗಿಲ್ಲ. ಶೌಚಕ್ಕೆ ಹೋಗುವ ತೊಂದರೆ ನೆನೆದು ನೀರು ಕುಡಿಯದೆ ಇರುವವರೂ ಇದ್ದಾರೆ. ತಣ್ಣೀರಿನಲ್ಲಿ ಮೂತ್ರ ಹೆಚ್ಚುವುದು ಸಹಜ, ಕುಡಿಯುವುದನ್ನು ಕಡಿಮೆ ಮಾಡಬೇಡಿ. ಮೇಲೆ ಬಂದ ಕೂಡಲೇ ಬಿಸಿನೀರಿನ ಸ್ನಾನಕ್ಕೂ ಓಡಬೇಡಿ; ಮೊದಲು ಒಣಗಿದ ಬಟ್ಟೆ, ಟೋಪಿ, ಬಿಸಿ ಸೂಪು.

ಮೊದಲ ಬಾರಿ ಬರುವವರು ಆಗಸ್ಟ್ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ. ಕೊಲ್ಲಿ ದ್ವೀಪಗಳ ಮರೆಯಲ್ಲಿರುವುದರಿಂದ ಅಲೆಯ ಕಾಟ ಕಡಿಮೆ, ವಾಂತಿಗೆ ಹೆದರಬೇಡಿ. ಕೊನೆಯ ಡೈವಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆಗಳ ಬಿಡುವು ಇಟ್ಟುಕೊಂಡೇ ಕರ್ಕ್‌ವಾಲ್‌ನಿಂದ ಟಿಕೆಟ್ ಮಾಡಿಸಿ.